ನಿಂತುಹೋದ ಫೋರಮ್ ಅನ್ನು ಓದಲು ಮಾತ್ರದ ಸ್ಟ್ಯಾಟಿಕ್ ತಾಣವಾಗಿ ಉಳಿಸಿಕೊಳ್ಳುವ ವಿಧಾನ

ಹೊಸ ಪೋಸ್ಟ್ ಬರುವುದು ನಿಂತು ವರ್ಷಗಳಾದರೂ ಹಳೆಯ ಫೋರಮ್ ಪುಟಗಳನ್ನು ಜನ ಹುಡುಕಿಕೊಂಡು ಬರುತ್ತಾರೆ. ಯಾರೋ ತಾಳ್ಮೆಯಿಂದ ಬಿಡಿಸಿ ಬರೆದ ಉತ್ತರ, ಅದಕ್ಕೆ ಇನ್ನೊಬ್ಬರು ಹಾಕಿದ ತಿದ್ದುಪಡಿ, ಬೇರೆಲ್ಲೂ ಸಿಗದ ಒಂದು ಫೋಟೊ ಅಲ್ಲಿರುತ್ತವೆ. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಯಾಹೂ ಗ್ರೂಪ್ಸ್ 2019ರ ಡಿಸೆಂಬರ್‌ನಲ್ಲಿ ಹಳೆಯ ಸಂದೇಶಗಳನ್ನು ತೆಗೆದುಹಾಕಿ, ಒಂದು ವರ್ಷದ ನಂತರ ಬಾಗಿಲು ಹಾಕಿತು. ಅವುಗಳ ಜೊತೆ ಕನ್ನಡದ ಎಷ್ಟೋ ಮಾತುಕತೆಗಳೂ ಹೋದವು. ಅಲ್ಲಿ ನಿರ್ಧಾರ ಕಂಪನಿಗಳದ್ದು. ಸ್ವಂತ ಸರ್ವರ್‌ನಲ್ಲಿ ಫೋರಮ್ ನಡೆಸಿದವರಿಗೆ ಆ ಅಸಹಾಯಕತೆ ಇಲ್ಲ. ಡೇಟಾಬೇಸ್ ಕೈಯಲ್ಲಿರುವಾಗಲೇ ಕೆಲಸ ಮುಗಿಸಿಕೊಳ್ಳಬಹುದು.

ಫೋರಮ್ ಅನ್ನು ಹಾಗೇ ಬಿಟ್ಟರೆ ಏನಾಗುತ್ತದೆ? ಹೋಸ್ಟಿಂಗ್ ಕಂಪನಿ ಒಂದು ದಿನ, ಫೋರಮ್ ಓಡಿಸುವ ಪಿಎಚ್‌ಪಿ ಭಾಷೆಯ ಹಳೆಯ ಆವೃತ್ತಿಯನ್ನು ತೆಗೆಯುತ್ತದೆ, ತಾಣ ಖಾಲಿ ಬಿಳಿ ಪುಟವಾಗುತ್ತದೆ. ಅಥವಾ ಯಾರೂ ನೋಡಿಕೊಳ್ಳದ ಸಾಫ್ಟ್‌ವೇರ್‌ನ ತೂತಿನಿಂದ ಯಾರೋ ಒಳಗೆ ನುಗ್ಗಿ ಜೂಜಿನ ಜಾಹೀರಾತು ತುಂಬುತ್ತಾರೆ. ಬರೀ ಎಚ್‌ಟಿಎಂಎಲ್ ಫೈಲ್‌ಗಳಿರುವ ತಾಣದಲ್ಲಿ ಓಡುವ ಪ್ರೋಗ್ರಾಮೂ ಇಲ್ಲ, ಡೇಟಾಬೇಸೂ ಇಲ್ಲ. ಹಾಗಾಗಿ ಕೆಡುವುದಕ್ಕೆ ಅಲ್ಲಿ ಹೆಚ್ಚೇನೂ ಇರುವುದಿಲ್ಲ.

ಈ ಮಾರ್ಗದರ್ಶಿ ಪಿಎಚ್‌ಪಿಬಿಬಿ ಎಂಬ ಫೋರಮ್ ತಂತ್ರಾಂಶದ 3 ಸರಣಿಯಲ್ಲಿ ನಡೆದ ಫೋರಮ್‌ಗಳಿಗೆ. ಬೇರೆ ತಂತ್ರಾಂಶ ಬಳಸಿದವರಿಗೂ ಹಂತಗಳು ಇವೇ. ವಿಳಾಸದ ರೂಪ ಮತ್ತು ಟೇಬಲ್ ಹೆಸರುಗಳು ಮಾತ್ರ ಬೇರೆ. ಆಜ್ಞೆ, ಆಯ್ಕೆ, ಟೇಬಲ್‌ಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಬೇಕು.

ಸದಸ್ಯರಿಗೆ ತಿಳಿಸುವುದು

ಮೊದಲ ಕೆಲಸ ಕಂಪ್ಯೂಟರ್ ಮುಂದಿನದಲ್ಲ. ಬರಹಗಳ ಹಕ್ಕು ಬರೆದವರದ್ದು. ಅವರು ಒಂದು ಮಾತು ಹೇಳಲು ಅವಕಾಶ ಇರಬೇಕು. ಫೋರಮ್‌ನ ಮೇಲ್ಭಾಗದಲ್ಲಿ ಪ್ರಕಟಣೆ ಹಾಕಿ, ಎಲ್ಲರಿಗೂ ಇಮೇಲ್ ಕಳಿಸಿ, ಕನಿಷ್ಠ ಎರಡು ತಿಂಗಳು ಸಮಯ ಕೊಡಿ. ಯಾವ ದಿನದಿಂದ ಬರೆಯಲು ಆಗುವುದಿಲ್ಲ, ಯಾವ ವಿಭಾಗಗಳು ಉಳಿಯುತ್ತವೆ, ಹೆಸರು ಬದಲಿಸಬೇಕಾದರೆ ಯಾರಿಗೆ ಬರೆಯಬೇಕು ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ. ಖಾಸಗಿ ಸಂದೇಶಗಳು ಸಂಗ್ರಹಕ್ಕೆ ಬರುವುದಿಲ್ಲ, ಬರಲೂಬಾರದು. ಬೇಕಾದವರು ತಮ್ಮ ಸಂದೇಶದ ಫೋಲ್ಡರ್‌ನಲ್ಲಿರುವ ಎಕ್ಸ್‌ಪೋರ್ಟ್ ಆಯ್ಕೆಯಿಂದ ಅವನ್ನು ಫೈಲ್ ಮಾಡಿಕೊಳ್ಳಬಹುದು ಎಂದು ಹೇಳಿಬಿಡಿ. ಸದಸ್ಯರಿಗೆ ಮಾತ್ರ ಕಾಣುತ್ತಿದ್ದ ವಿಭಾಗಗಳನ್ನು ಸಾರ್ವಜನಿಕ ಮಾಡಬೇಡಿ. ಇದು ನಾಲ್ಕು ಜನರ ನಡುವೆ ಎಂದು ನಂಬಿ ಬರೆದವರ ನಂಬಿಕೆಯನ್ನು ಹತ್ತು ವರ್ಷದ ನಂತರ ಮುರಿಯುವುದು ಸರಿಯಲ್ಲ.

ಬ್ಯಾಕಪ್ ಮತ್ತು ಅಕ್ಷರ ಸಂಕೇತ

ಬೇಕಾದ್ದು ಮೂರು: ಡೇಟಾಬೇಸ್‌ನ ಪೂರ್ತಿ ಡಂಪ್ (ಅದರಲ್ಲಿರುವುದೆಲ್ಲವನ್ನೂ ಒಂದು ಫೈಲ್‌ಗೆ ಬರೆದ ಪ್ರತಿ), ಲಗತ್ತುಗಳಿರುವ 'ಫೈಲ್ಸ್' ಫೋಲ್ಡರ್, ಸದಸ್ಯರ ಚಿತ್ರಗಳು, ನಗುಮುಖಗಳು ಸೇರಿದಂತೆ ಫೋರಮ್‌ನ ಉಳಿದ ಎಲ್ಲ ಫೈಲ್‌ಗಳು. ಮೂರನ್ನೂ ಎರಡು ಬೇರೆ ಜಾಗದಲ್ಲಿ ಇಟ್ಟು, ಪ್ರತಿ ಫೈಲ್‌ನ ಶಾ-256 ಮೊತ್ತವನ್ನು (ಫೈಲ್ ಚೂರು ಬದಲಾದರೂ ಬೇರೆಯಾಗುವ ಗುರುತು) ಬರೆದಿಡಿ. ಐದು ವರ್ಷದ ನಂತರ ಆ ಪ್ರತಿ ಹಾಳಾಗಿಲ್ಲ ಎಂದು ಖಚಿತಪಡಿಸಿಕೊಳ್ಳಲು ಅದು ಸುಲಭದ ದಾರಿ.

ಕನ್ನಡದ ಫೋರಮ್‌ಗಳು ಹೆಚ್ಚಾಗಿ ಕೆಡುವುದು ಇಲ್ಲಿ. ಪಿಎಚ್‌ಪಿಬಿಬಿ 3.0 ಬಂದದ್ದು 2007ರ ಡಿಸೆಂಬರ್‌ನಲ್ಲಿ. ಎಲ್ಲ ಲಿಪಿಗಳನ್ನೂ ಬರೆದಿಡಬಲ್ಲ ಯುಟಿಎಫ್-8 ಸಂಕೇತಕ್ಕೆ ಅದು ಪೂರ್ತಿಯಾಗಿ ಬಂದದ್ದೂ ಆಗಲೇ. ಅದಕ್ಕಿಂತ ಮೊದಲೇ ಶುರುವಾಗಿ ಆಮೇಲೆ ಮೇಲ್ದರ್ಜೆಗೇರಿಸಿದ ಫೋರಮ್‌ಗಳಲ್ಲಿ ನಾಲ್ಕು ಬಗೆಯ ಕನ್ನಡ ಒಟ್ಟಿಗೆ ಸಿಗಬಹುದು.

ಮೊದಲನೆಯದು ಸರಿಯಾದ ಯುಟಿಎಫ್-8. ಎರಡನೆಯದು ರೋಮನ್ ಅಕ್ಷರಗಳಿಗಷ್ಟೇ ಆದ ಲ್ಯಾಟಿನ್-1 ಸಂಕೇತದ್ದೆಂದು ಘೋಷಿಸಿದ ಟೇಬಲ್‌ನಲ್ಲಿ ಕೂತ ಯುಟಿಎಫ್-8 ಬೈಟ್‌ಗಳು. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಡಂಪ್ ಮಾಡುವಾಗ ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯುಎಲ್ ಅವನ್ನು ಮೂರು ಬೇರೆ ಅಕ್ಷರಗಳೆಂದು ತಿಳಿದು ಮತ್ತೊಮ್ಮೆ ಯುಟಿಎಫ್-8ಕ್ಕೆ ತಿರುಗಿಸುತ್ತದೆ. ಆಗ 'ಕ' ಇರಬೇಕಾದಲ್ಲಿ ಸಂಬಂಧವಿಲ್ಲದ ಮೂರು ಚಿಹ್ನೆಗಳು ಕಾಣುತ್ತವೆ. ಇದು ಕಂಡರೆ ಡಂಪ್ ಅನ್ನು ಲ್ಯಾಟಿನ್-1 ಸಂಕೇತ ಹೇಳಿ ತೆಗೆದು, ಫೈಲ್‌ನೊಳಗಿನ ಘೋಷಣೆಯನ್ನು ಯುಟಿಎಫ್8ಎಂಬಿ4 ಎಂದು ಬದಲಿಸಿ ಮರಳಿ ತುಂಬಬೇಕು. ಹಾಗಿಲ್ಲದ ಟೇಬಲ್‌ಗಳಿಗೆ ಮೊದಲಿನಿಂದಲೇ ಯುಟಿಎಫ್8ಎಂಬಿ4 ಕೊಡಿ. ಮೈಎಸ್‌ಕ್ಯುಎಲ್‌ನ ಹಳೆಯ 'ಯುಟಿಎಫ್8' ಮೂರು ಬೈಟ್‌ಗೆ ನಿಲ್ಲುತ್ತದೆ. ಕನ್ನಡಕ್ಕೆ ಅಷ್ಟು ಸಾಕು, ನಾಲ್ಕು ಬೈಟ್ ಬೇಕಾದ ಇಮೋಜಿಗಳು ಅದರಲ್ಲಿ ಉಳಿಯುವುದಿಲ್ಲ.

ಮೂರನೆಯದು ಅಂಕೆಯ ರೂಪದ ಅಕ್ಷರಗಳು. ಪುಟದ ಸಂಕೇತ ಲ್ಯಾಟಿನ್-1 ಇದ್ದ ಕಾಲದಲ್ಲಿ ಯಾರಾದರೂ ಕನ್ನಡ ಟೈಪಿಸಿದರೆ ಬ್ರೌಸರ್ ಪ್ರತಿ ಅಕ್ಷರವನ್ನೂ ಅದರ ಯುನಿಕೋಡ್ ಸಂಖ್ಯೆಯಾಗಿ ಕಳಿಸುತ್ತಿತ್ತು. 'ಕ' ಆದರೆ 3221. ಪುಟದಲ್ಲಿ ಸರಿಯಾಗಿ ಕಂಡರೆ ಚಿಂತೆಯಿಲ್ಲ. ಅಂಕೆಗಳೇ ಕಂಡರೆ ಆಂಪರ್ಸ್ಯಾಂಡ್ ಚಿಹ್ನೆ ಎರಡು ಸಲ ಪರಿವರ್ತನೆಯಾಗಿದೆ ಎಂದರ್ಥ. ಕೊನೆಯ ಎಚ್‌ಟಿಎಂಎಲ್‌ನಲ್ಲಿ ಒಂದೇ ಹುಡುಕಿ-ಬದಲಿಸುವ ಆಜ್ಞೆಯಲ್ಲಿ ಸರಿಹೋಗುತ್ತದೆ.

ನಾಲ್ಕನೆಯದೇ ಕಷ್ಟದ್ದು. ಯುನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳಲ್ಲಿ ಬರೆದು ಅಂಟಿಸಿದ ಪೋಸ್ಟ್‌ಗಳು. ಇವು ಡೇಟಾಬೇಸ್‌ನಲ್ಲಿ ರೋಮನ್ ಅಕ್ಷರಗಳಾಗಿಯೇ ಇವೆ, ಆ ಫಾಂಟ್ ಇಲ್ಲದವರಿಗೆ ಅರ್ಥವಿಲ್ಲದ ಸಾಲುಗಳಾಗಿ ಕಾಣುತ್ತವೆ. ಪರಿವರ್ತಕ ತಂತ್ರಾಂಶದಿಂದ ಯುನಿಕೋಡ್‌ಗೆ ತಿರುಗಿಸಬಹುದು, ಆದರೆ ಒಂದೇ ಪೋಸ್ಟ್‌ನಲ್ಲಿ ಇಂಗ್ಲಿಷ್ ಪದಗಳೂ ಬೆರೆತಿದ್ದರೆ ಅವೂ ತಿರುಗಿ ಕೆಡುತ್ತವೆ. ಆದ್ದರಿಂದ ಮೂಲವನ್ನು ಅಳಿಸಬೇಡಿ. ಪರಿವರ್ತಿಸಿದ ಪಠ್ಯವನ್ನು ಮೇಲೆ ಹಾಕಿ, ಮೂಲವನ್ನು ಕೆಳಗೆ ಮಡಚಿಟ್ಟ ಭಾಗದಲ್ಲಿ ಉಳಿಸಿ. ಇಂಥ ಪೋಸ್ಟ್‌ಗಳು ಕೆಲವು ನೂರು ಇದ್ದರೆ ಒಂದೊಂದನ್ನೂ ಕಣ್ಣಿಟ್ಟು ಓದುವ ಇಬ್ಬರು ಹಳೆಯ ಸದಸ್ಯರನ್ನು ಕೇಳಿಕೊಳ್ಳಿ. ಯಂತ್ರಕ್ಕಿಂತ ಆ ಓದು ನೆಚ್ಚಿಕೆಯದು.

ಮನೆಯ ಕಂಪ್ಯೂಟರ್‌ನಲ್ಲಿ ಪ್ರತಿ ನಿಲ್ಲಿಸುವುದು

ಮುಂದಿನ ಎಲ್ಲ ಕೆಲಸವೂ ಪ್ರತಿಯ ಮೇಲೆ ನಡೆಯಲಿ, ಜೀವಂತ ತಾಣದ ಮೇಲೆ ಬೇಡ. ಪಿಎಚ್‌ಪಿಬಿಬಿ 3.3 ಇದ್ದರೆ ಈಗಿನ ಪಿಎಚ್‌ಪಿಯಲ್ಲಿ ಓಡುತ್ತದೆ. 3.0ಕ್ಕೆ ಪಿಎಚ್‌ಪಿ 5.6ರಂಥ ಹಳೆಯ ಆವೃತ್ತಿ ಬೇಕು, 5.6ಕ್ಕೆ ಭದ್ರತಾ ಬೆಂಬಲ 2018ರ ಕೊನೆಗೇ ನಿಂತಿದೆ. ಹಾಗಾಗಿ ಡಾಕರ್ ಕಂಟೇನರ್ (ಉಳಿದದ್ದರಿಂದ ಬೇರ್ಪಟ್ಟ ಪುಟ್ಟ ಪರಿಸರ) ಒಳಗೆ ಓಡಿಸಿ, ಹೊರಗಿನ ನೆಟ್‌ವರ್ಕ್‌ಗೆ ತೆರೆಯಬೇಡಿ. ಹೊಸ ಆವೃತ್ತಿಗೆ ಏರಿಸಿ ಆಮೇಲೆ ಸಂಗ್ರಹ ಮಾಡುವ ಆಸೆ ಬರುತ್ತದೆ. ಅದು ಬೇಡ. ಏರಿಸುವಾಗ ಪೋಸ್ಟ್‌ಗಳ ಒಳರೂಪವೇ ಬದಲಾಗುತ್ತದೆ, ಹಳೆಯ ವಿಶೇಷ ಬಿಬಿಕೋಡ್‌ಗಳು (ಪೋಸ್ಟ್‌ನ ವಿನ್ಯಾಸಕ್ಕೆ ಬಳಸುವ ಆವರಣದ ಗುರುತುಗಳು) ಮುರಿಯಬಹುದು. ಹೇಗೂ ನಿಲ್ಲಿಸಲಿರುವ ಯಂತ್ರಕ್ಕೆ ಆ ಶ್ರಮ ದಂಡ.

ಕಂಪ್ಯೂಟರ್‌ನ 'ಹೋಸ್ಟ್ಸ್' ಫೈಲ್‌ನಲ್ಲಿ ಫೋರಮ್‌ನ ನಿಜವಾದ ಡೊಮೇನ್ ಹೆಸರನ್ನು 127.0.0.1ಕ್ಕೆ, ಎಂದರೆ ಇದೇ ಕಂಪ್ಯೂಟರ್‌ಗೆ, ತೋರಿಸಿ. ಆಗ ಸದಸ್ಯರು ಪೋಸ್ಟ್‌ಗಳೊಳಗೆ ಅಂಟಿಸಿದ ಪೂರ್ಣ ವಿಳಾಸಗಳೂ ಪ್ರತಿಯತ್ತಲೇ ಹೋಗುತ್ತವೆ, ಸಂಗ್ರಹಿಸುವಾಗ ಒಳಗಿನ ಲಿಂಕ್‌ಗಳೆಂದೇ ಎಣಿಕೆಯಾಗುತ್ತವೆ. ಕೆಲಸ ಮುಗಿದ ಮೇಲೆ ಆ ಸಾಲನ್ನು ಅಳಿಸಬೇಕು. ಇಲ್ಲದಿದ್ದರೆ ಹೊಸ ತಾಣ ಎಲ್ಲರಿಗೂ ಕಂಡು ನಿಮಗೆ ಮಾತ್ರ ಕಾಣುವುದಿಲ್ಲ.

ಫೋರಮ್ ಅನ್ನು ಅಣಿ ಮಾಡುವುದು

ಬರೆಯುವುದನ್ನು ನಿಲ್ಲಿಸಲು 'ಡಿಸೇಬಲ್ ಬೋರ್ಡ್' ಬಳಸಬೇಡಿ. ಅದನ್ನು ಒತ್ತಿದರೆ ಪ್ರತಿ ಪುಟದಲ್ಲೂ ಒಂದೇ ಸೂಚನೆ ಬಂದು, ಸಂಗ್ರಹದಲ್ಲಿ ಸಾವಿರಾರು ಸಲ ಅದೇ ವಾಕ್ಯ ಉಳಿಯುತ್ತದೆ. ಬದಲಿಗೆ ಪ್ರತಿ ವಿಭಾಗದ ಅನುಮತಿಯನ್ನು 'ರೀಡ್ ಓನ್ಲಿ'ಗೆ ತನ್ನಿ. ಯಾರು ಆನ್‌ಲೈನ್ ಇದ್ದಾರೆ, ಇವತ್ತು ಯಾರ ಹುಟ್ಟುಹಬ್ಬ ಎಂಬಂಥವನ್ನು ಮುಚ್ಚಿ.

ದಿನಾಂಕದ ವಿಷಯ ಮುಖ್ಯ. ಪಿಎಚ್‌ಪಿಬಿಬಿಯ ದಿನಾಂಕ ಮಾದರಿಯಲ್ಲಿ ಎರಡು ಲಂಬ ಗೆರೆಗಳ ನಡುವೆ ಇರುವ ಭಾಗ 'ಇಂದು', 'ನಿನ್ನೆ', 'ಐದು ನಿಮಿಷದ ಹಿಂದೆ' ಎಂದು ಬದಲಾಗುತ್ತದೆ. ಹೆಪ್ಪುಗಟ್ಟಿದ ಪುಟದಲ್ಲಿ 'ನಿನ್ನೆ' ಎಂಬುದು ಸುಳ್ಳಾಗಿ ಉಳಿಯುತ್ತದೆ. ಗೆರೆಗಳನ್ನು ಅಳಿಸಿ, ವರ್ಷವನ್ನು ನಾಲ್ಕು ಅಂಕಿಯಲ್ಲಿ ಇಡಿ, ಸಮಯವಲಯ ಭಾರತದ್ದೇ ಎಂದು ನೋಡಿಕೊಳ್ಳಿ.

ಇದೆಲ್ಲ ಆದ ಮೇಲೆ, ಮೊದಲಲ್ಲ, ಒಂದು ಬಾಟ್ (ಪುಟಗಳನ್ನು ತಾನೇ ಓದುವ ಪ್ರೋಗ್ರಾಮಿನ ಖಾತೆ) ಸೇರಿಸಿ. ನಿರ್ವಹಣಾ ಫಲಕದಲ್ಲಿ 'ಸ್ಪೈಡರ್ಸ್/ರೋಬಾಟ್ಸ್' ಎಂಬ ಪುಟ ಇದೆ. ಅಲ್ಲಿ ಯಾರೂ ಬಳಸದ ಒಂದು ಗುರುತಿನ ಹೆಸರು ಕೊಟ್ಟು ಹೊಸ ಬಾಟ್ ಮಾಡಿ. ಪುಟ ಇಳಿಸುವ ಪ್ರೋಗ್ರಾಮ್‌ಗೂ ಯೂಸರ್-ಏಜೆಂಟ್ (ಸರ್ವರ್‌ಗೆ ಹೇಳುವ ತನ್ನ ಹೆಸರು) ಆಗಿ ಅದೇ ಹೆಸರು ಕೊಡಬೇಕು. ಇದರಿಂದ ದೊಡ್ಡ ತಲೆನೋವು ತಪ್ಪುತ್ತದೆ. ಕುಕಿ ಇಟ್ಟುಕೊಳ್ಳದ ಅತಿಥಿಗೆ ಪಿಎಚ್‌ಪಿಬಿಬಿ ಪ್ರತಿ ಲಿಂಕಿನ ಕೊನೆಗೂ 'ಎಸ್‌ಐಡಿ' ಎಂಬ 32 ಅಕ್ಷರದ ಸೆಷನ್ ಗುರುತು ಅಂಟಿಸುತ್ತದೆ. ಆ ಗುರುತು ಬದಲಾದಾಗಲೆಲ್ಲ ಅದೇ ಪುಟ ಹೊಸ ವಿಳಾಸವಾಗಿ ಕಂಡು, ಇಳಿಸುವ ಕೆಲಸ ಮುಗಿಯುವುದೇ ಇಲ್ಲ. ಬಾಟ್ ಎಂದು ಗುರುತಿಸಿದವರಿಗೆ ಅದು ಎಸ್‌ಐಡಿ ಕೊಡುವುದಿಲ್ಲ. ಜೊತೆಗೆ ಉತ್ತರಿಸುವ ಗುಂಡಿ, ಕೊನೆಯ ಪೋಸ್ಟ್‌ಗೆ ಜಿಗಿಯುವ ಲಿಂಕ್ ಮುಂತಾದ ಎಷ್ಟನ್ನೋ ಮೂಲ ವಿನ್ಯಾಸವೇ ಬಾಟ್‌ಗಳಿಂದ ಮರೆಮಾಡುತ್ತದೆ. ಬಾಟ್ ಗುಂಪಿಗೆ ಸಾರ್ವಜನಿಕ ವಿಭಾಗಗಳಲ್ಲೆಲ್ಲ ಓದುವ ಅನುಮತಿ ಇದೆಯೇ ನೋಡಿ. ಒಂದರಲ್ಲಿ ಇಲ್ಲದಿದ್ದರೆ ಆ ವಿಭಾಗ ಸದ್ದಿಲ್ಲದೆ ಬಿಟ್ಟುಹೋಗುತ್ತದೆ, ಯಾವ ದೋಷಸೂಚನೆಯೂ ಬರುವುದಿಲ್ಲ.

ಒಂದು ಪುಟಕ್ಕೆ ಎಷ್ಟು ಪೋಸ್ಟ್ ಎಂಬ ಸಂಖ್ಯೆಯನ್ನು ಬದಲಿಸಬೇಡಿ. 10 ಇದ್ದದ್ದನ್ನು 50 ಮಾಡಿದರೆ ಪುಟಗಳು ಕಡಿಮೆಯಾಗುವುದು ನಿಜ. ಆದರೆ ಹೊರಗಿನ ತಾಣಗಳು ವರ್ಷಗಳಿಂದ ಕೊಟ್ಟಿರುವ 'ಸ್ಟಾರ್ಟ್=30' ಎಂಬಂಥ ಲಿಂಕ್‌ಗಳು ಎಲ್ಲಿಗೂ ಹೊಂದುವುದಿಲ್ಲ. ಸಂಗ್ರಹ ಮಾಡುವುದೇ ಹಳೆಯ ಲಿಂಕ್‌ಗಳು ಬದುಕಿರಲಿ ಎಂದು.

ಇಳಿಸುವ ಮೊದಲು ಎಣಿಸುವುದು

ಎಷ್ಟು ಪುಟ ಬರಬೇಕು ಎಂದು ಮೊದಲೇ ಗೊತ್ತಿರಬೇಕು. 'ಟಾಪಿಕ್ಸ್' ಟೇಬಲ್‌ನಲ್ಲಿ ಪ್ರತಿ ವಿಷಯದ ಅನುಮೋದಿತ ಪೋಸ್ಟ್ ಸಂಖ್ಯೆಯನ್ನು ಪುಟದ ಗಾತ್ರದಿಂದ ಭಾಗಿಸಿ, ಮೇಲಿನ ಪೂರ್ಣಾಂಕಕ್ಕೆ ಏರಿಸಿ, ಎಲ್ಲವನ್ನೂ ಕೂಡಿ. 3.1ರಿಂದ ಈಚೆಗೆ ಆ ಸಂಖ್ಯೆ 'ಟಾಪಿಕ್_ಪೋಸ್ಟ್ಸ್_ಅಪ್ರೂವ್ಡ್' ಅಂಕಣದಲ್ಲಿದೆ, 3.0ರಲ್ಲಿ 'ಟಾಪಿಕ್_ರಿಪ್ಲೈಸ್'ಗೆ 1 ಸೇರಿಸಿಕೊಳ್ಳಬೇಕು. ಬೇರೆ ವಿಭಾಗಕ್ಕೆ ಸ್ಥಳಾಂತರಿಸಿದ ವಿಷಯದ ನೆರಳು ನಮೂದುಗಳನ್ನು, ಎಂದರೆ 'ಟಾಪಿಕ್_ಮೂವ್ಡ್_ಐಡಿ' ಸೊನ್ನೆ ಅಲ್ಲದವನ್ನು ಬಿಡಿ. ಸಾರ್ವಜನಿಕ ವಿಭಾಗಗಳಿಗೆ ಮಾತ್ರ ಲೆಕ್ಕ ಹಾಕಿ.

ಉದಾಹರಣೆಗೆ 8,000 ವಿಷಯ, 1,00,000 ಪೋಸ್ಟ್, ಪುಟಕ್ಕೆ 10 ಎಂದರೆ ವಿಷಯದ ಪುಟಗಳು 10,000ಕ್ಕಿಂತ ಹೆಚ್ಚು, 18,000ಕ್ಕಿಂತ ಕಡಿಮೆ ಇರಬೇಕು. ವಿಭಾಗದ ಪಟ್ಟಿಗಳು, ಪುಟಕ್ಕೆ 25 ವಿಷಯದಂತೆ, ಇನ್ನು 320 ಚಿಲ್ಲರೆ. ಇಳಿಸುವಾಗ ಫೈಲ್‌ಗಳ ಸಂಖ್ಯೆ 50,000 ದಾಟಿದರೆ ಕಾಯುತ್ತಾ ಕೂರಬೇಡಿ, ನಿಲ್ಲಿಸಿ. ಯಾವುದೋ ವಿಳಾಸ ಬೇರೆ ಬೇರೆ ವೇಷದಲ್ಲಿ ಸುತ್ತುತ್ತಿದೆ.

ಪುಟಗಳನ್ನು ಇಳಿಸುವುದು

ಇದಕ್ಕೆ ವಿಗೆಟ್ ಎಂಬ ಪುಟ ಇಳಿಸುವ ಪ್ರೋಗ್ರಾಮ್ ಸಾಕು. ಬೇಕಾದ ಆಯ್ಕೆಗಳು: 'ರಿಕರ್ಸಿವ್', ಆಳಕ್ಕೆ ಮಿತಿ ಬೇಡವೆಂದು 'ಲೆವೆಲ್=ಇನ್ಫ್', 'ಪೇಜ್-ರಿಕ್ವಿಸಿಟ್ಸ್', 'ಕನ್ವರ್ಟ್-ಲಿಂಕ್ಸ್', 'ಅಡ್ಜಸ್ಟ್-ಎಕ್ಸ್‌ಟೆನ್ಶನ್', 'ಯೂಸರ್-ಏಜೆಂಟ್', ಲಾಗ್ ಫೈಲ್. 'ಮಿರರ್' ಎಂಬ ಒಂದೇ ಪದದ ಆಯ್ಕೆಯನ್ನು ಎಲ್ಲರೂ ಹೇಳುತ್ತಾರೆ; ಅದರೊಳಗೆ ಸಮಯ ಹೋಲಿಸುವ ಆಯ್ಕೆ ಅಡಗಿದೆ, ಫೋರಮ್ ಪುಟಗಳಿಗೆ ಅದರಿಂದ ಉಪಯೋಗವಿಲ್ಲ, ಕೆಳಗೆ ಹೇಳುವ ವಾರ್ಕ್ ಫೈಲ್ ಜೊತೆ ಹೊಂದುವುದೂ ಇಲ್ಲ.

ಫೈಲ್ ಹೆಸರಿನ ಆಯ್ಕೆಯನ್ನು ಮರೆಯಬಾರದು. 'ರಿಸ್ಟ್ರಿಕ್ಟ್-ಫೈಲ್-ನೇಮ್ಸ್'ಗೆ 'ವಿಂಡೋಸ್' ಮತ್ತು 'ನೋಕಂಟ್ರೋಲ್' ಎರಡನ್ನೂ ಅಲ್ಪವಿರಾಮದೊಂದಿಗೆ ಕೊಡಿ. ಮೊದಲನೆಯದು ಹೆಸರಿನಲ್ಲಿರುವ ಪ್ರಶ್ನಾರ್ಥಕ ಚಿಹ್ನೆಯನ್ನು ಅಟ್ ಚಿಹ್ನೆಯಾಗಿ ಬದಲಿಸುತ್ತದೆ. ಪ್ರಶ್ನಾರ್ಥಕ ಉಳಿದರೆ ವಿಂಡೋಸ್ ಆ ಫೈಲ್ ಅನ್ನು ಒಪ್ಪುವುದಿಲ್ಲ, ಸರ್ವರ್‌ಗಳೂ ಅದರ ಮುಂದಿನ ಭಾಗವನ್ನು ವಿಳಾಸದ ಪ್ರಶ್ನೆಯೆಂದು ಓದುತ್ತವೆ. ಎರಡನೆಯದು ಕನ್ನಡಕ್ಕೆ ಬೇಕು: ವಿಗೆಟ್ 128ರಿಂದ 159ರವರೆಗಿನ ಬೈಟ್‌ಗಳನ್ನು ನಿಯಂತ್ರಣ ಚಿಹ್ನೆಗಳೆಂದು ತಿಳಿದು ಶೇಕಡಾ ಸಂಕೇತಕ್ಕೆ ತಿರುಗಿಸುತ್ತದೆ. ಕನ್ನಡ ಅಕ್ಷರಗಳ ಮೂರನೇ ಬೈಟ್ ಎಷ್ಟೋ ಸಲ ಅದೇ ವ್ಯಾಪ್ತಿಯಲ್ಲಿ ಬೀಳುವುದರಿಂದ ಕನ್ನಡ ಹೆಸರಿನ ಫೈಲ್‌ಗಳು ಅರ್ಧ ಕನ್ನಡ, ಅರ್ಧ ಸಂಕೇತವಾಗಿ ಮುರಿದುಹೋಗುತ್ತವೆ.

ಬೇಡದ ವಿಳಾಸಗಳನ್ನು ತಡೆಯುವ 'ರಿಜೆಕ್ಟ್-ರೀಜೆಕ್ಸ್' ಆಯ್ಕೆ ಪೂರ್ತಿ ವಿಳಾಸಕ್ಕೆ ಅನ್ವಯಿಸುತ್ತದೆ. ಅದರಲ್ಲಿ ತಡೆಯಬೇಕಾದವು: ಯುಸಿಪಿ (ಸದಸ್ಯರ ಫಲಕ), ಎಂಸಿಪಿ (ಮಾಡರೇಟರ್ ಫಲಕ), ಪೋಸ್ಟಿಂಗ್, ಸರ್ಚ್, ಮೆಂಬರ್‌ಲಿಸ್ಟ್, ರಿಪೋರ್ಟ್, ಫೀಡ್, ಕ್ರಾನ್ (ಹಿನ್ನೆಲೆಯ ಕೆಲಸಗಳದ್ದು) ಪುಟಗಳು; 'ವ್ಯೂ=' (ಮುದ್ರಣ, ಮುಂದಿನ-ಹಿಂದಿನ ವಿಷಯ), 'ಹೈಲಿಟ್=', ವಿಂಗಡಣೆಯ 'ಎಸ್‌ಕೆ', 'ಎಸ್‌ಡಿ', 'ಎಸ್‌ಟಿ', ಮುನ್ನೆಚ್ಚರಿಕೆಗೆ 'ಎಸ್‌ಐಡಿ'. ಇವುಗಳ ಜೊತೆ 'ಪಿ=' ಇರುವ ವಿಳಾಸಗಳು. ಒಂದು ಪೋಸ್ಟ್‌ಗೆ ನೇರ ಲಿಂಕ್ ಕೊಟ್ಟಾಗ ಬರುವುದು ಆ ಪೋಸ್ಟ್ ಇರುವ ಇಡೀ ಪುಟ. ಅವನ್ನು ಬಿಟ್ಟುಕೊಂಡರೆ ಮೇಲಿನ ಉದಾಹರಣೆಯ ಸುಮಾರು 14,000 ಪುಟದ ಜಾಗದಲ್ಲಿ ಲಕ್ಷ ಪುಟ ಇಳಿದು ಕೂರುತ್ತದೆ. ಅವುಗಳಿಗೆ ಬೇರೆ ವ್ಯವಸ್ಥೆ ಮುಂದೆ ಇದೆ.

ಲಗತ್ತುಗಳನ್ನೂ ವಿಗೆಟ್‌ನಿಂದ ತರಿಸಬೇಡಿ. 'ಡೌನ್‌ಲೋಡ್/ಫೈಲ್' ವಿಳಾಸವನ್ನು ತಡೆಪಟ್ಟಿಗೆ ಸೇರಿಸಿ. ಹಾಗೆ ಇಳಿದ ಚಿತ್ರಕ್ಕೆ ಸರಿಯಾದ ಕೊನೆ-ಹೆಸರು ಇರುವುದಿಲ್ಲ, ಸರ್ವರ್‌ಗೆ ಅದು ಚಿತ್ರವೆಂದು ತಿಳಿಯುವುದಿಲ್ಲ. 'ಅಟ್ಯಾಚ್‌ಮೆಂಟ್ಸ್' ಟೇಬಲ್‌ನಲ್ಲಿ ಪ್ರತಿ ಲಗತ್ತಿನ ಸಂಖ್ಯೆ, ಡಿಸ್ಕ್‌ನ ಮೇಲಿನ ಗೂಢ ಹೆಸರು, ಸದಸ್ಯರು ಕೊಟ್ಟ ನಿಜ ಹೆಸರು ಮೂರೂ ಇವೆ. ಒಂದು ಚಿಕ್ಕ ಪೈಥಾನ್ ಸ್ಕ್ರಿಪ್ಟ್‌ನಿಂದ 'ಫೈಲ್ಸ್' ಫೋಲ್ಡರ್‌ನಿಂದಲೇ ನಕಲಿಸಿ, ಲಗತ್ತಿನ ಸಂಖ್ಯೆಯ ಫೋಲ್ಡರ್‌ನೊಳಗೆ ನಿಜ ಹೆಸರಿನಲ್ಲಿ ಇಡಿ. ಖಾಸಗಿ ಸಂದೇಶಗಳ ಲಗತ್ತುಗಳು, ಮುಚ್ಚಿದ ವಿಭಾಗಗಳ ಲಗತ್ತುಗಳು ಸಹ ಅದೇ ಫೋಲ್ಡರ್‌ನಲ್ಲಿರುತ್ತವೆ. ಸಾರ್ವಜನಿಕ ಪೋಸ್ಟ್‌ಗೆ ಸೇರಿದವನ್ನು ಮಾತ್ರ ಆರಿಸಿಕೊಳ್ಳಬೇಕು. ಇದನ್ನು ಎರಡು ಸಲ ಪರೀಕ್ಷಿಸಿ.

ಸ್ಥಳೀಯ ಪ್ರತಿಯಾದ್ದರಿಂದ ಪುಟಗಳ ನಡುವೆ ಕಾಯುವ ಅಗತ್ಯವಿಲ್ಲ. ಡೇಟಾಬೇಸ್ ಸಿಗದೆ ಜೀವಂತ ತಾಣದಿಂದಲೇ ಇಳಿಸಬೇಕಾದವರು ಪುಟಕ್ಕೆ ಒಂದು ಸೆಕೆಂಡ್ ಬಿಡುವು ಕೊಡಿ: 14,000 ಪುಟಕ್ಕೆ ಸುಮಾರು ನಾಲ್ಕು ಗಂಟೆ. ವಿಗೆಟ್ ಲಿಂಕ್‌ಗಳನ್ನು ತಿದ್ದುವುದು ಎಲ್ಲ ಇಳಿದ ಮೇಲೆ, ಕೊನೆಯಲ್ಲಿ. ನಡುವೆ ನಿಲ್ಲಿಸಿದರೆ ಒಂದು ಲಿಂಕೂ ತಿದ್ದಿರುವುದಿಲ್ಲ.

ಇದೇ ಓಟದಲ್ಲಿ 'ವಾರ್ಕ್-ಫೈಲ್' ಆಯ್ಕೆಯನ್ನೂ ಕೊಡಿ. ವಿಗೆಟ್‌ನಲ್ಲಿ ಇದು 1.14ನೇ ಆವೃತ್ತಿಯಿಂದ ಇದೆ. ಸರ್ವರ್ ಕೊಟ್ಟ ಉತ್ತರಗಳನ್ನು ತಿದ್ದದೆ ಹಾಗೇ ಕಟ್ಟಿಡುವ ಈ ಫೈಲ್ ಐಎಸ್‌ಒ 28500 ಮಾನದಂಡದ್ದು, ಗ್ರಂಥಾಲಯಗಳೂ ಇಂಟರ್ನೆಟ್ ಆರ್ಕೈವ್ ಕೂಡ ಬಳಸುವ ರೂಪ. ನಾವು ಮುಂದೆ ಮಾಡುವ ತಿದ್ದುಪಡಿಗಳಲ್ಲಿ ಏನಾದರೂ ತಪ್ಪಿದರೆ ಮೂಲ ಇದರಲ್ಲಿ ಸಿಗುತ್ತದೆ.

ಪುಟಗಳನ್ನು ತಿದ್ದುವುದು

ವಿಗೆಟ್ ಕೊಟ್ಟ ಹೆಸರುಗಳು ಉದ್ದ, ಅಂದಗೇಡಿ. ಪೈಥಾನ್‌ನಲ್ಲಿ ಎಲ್‌ಎಕ್ಸ್‌ಎಂಎಲ್ ಅಥವಾ ಬ್ಯೂಟಿಫುಲ್‌ಸೂಪ್ ಬಳಸಿ ಪ್ರತಿ ಪುಟವನ್ನೂ ಓದಿ, ಹೊಸ ಜಾಗಕ್ಕೆ ಬರೆಯಿರಿ: 120ನೇ ವಿಷಯದ ಮೊದಲ ಪುಟ 'ಟಿ/120/' ಫೋಲ್ಡರ್‌ನ ಇಂಡೆಕ್ಸ್ ಫೈಲ್, 30ನೇ ಪೋಸ್ಟ್‌ನ ನಂತರ ಶುರುವಾಗುವ ಪುಟ 'ಟಿ/120/30/'. ಪುಟದ ಕ್ರಮಸಂಖ್ಯೆ 4 ಎಂದು ಹಾಕುವ ಬದಲು 'ಸ್ಟಾರ್ಟ್' ಮೌಲ್ಯವನ್ನೇ ಫೋಲ್ಡರ್ ಹೆಸರಾಗಿಸಿದರೆ ಹಳೆಯ ವಿಳಾಸವನ್ನು ಹೊಸದಕ್ಕೆ ತಿರುಗಿಸುವಾಗ ಸರ್ವರ್ ಭಾಗಾಕಾರ ಮಾಡಬೇಕಾಗಿಲ್ಲ. ವಿಷಯದ ಸಂಖ್ಯೆ ಮಾತ್ರ ಇರುವ ವಿಳಾಸ ಮತ್ತು ವಿಭಾಗದ ಸಂಖ್ಯೆಯೂ ಸೇರಿದ ವಿಳಾಸ ಎರಡೂ ಒಂದೇ ಪುಟ. ಒಂದನ್ನು ಉಳಿಸಿ ಲಿಂಕ್‌ಗಳೆಲ್ಲ ಅದಕ್ಕೇ ಹೋಗಲಿ.

ತೆಗೆಯಬೇಕಾದವು: ಎಲ್ಲ ಫಾರ್ಮ್‌ಗಳು, ಲಾಗಿನ್ ಮತ್ತು ನೋಂದಣಿ ಲಿಂಕ್‌ಗಳು, ಹಳೆಯ ಹುಡುಕು ಪೆಟ್ಟಿಗೆ, ಕ್ರಾನ್ ಕರೆಯುವ ಕಾಣದ ಚಿತ್ರ, ಹಳೆಯ ಜಾವಾಸ್ಕ್ರಿಪ್ಟ್, ಜಾಹೀರಾತು ಮತ್ತು ಎಣಿಕೆಯ ಕೋಡ್. ಸದಸ್ಯರ ಪ್ರೊಫೈಲ್ ಲಿಂಕ್‌ಗಳನ್ನು ಬರೀ ಹೆಸರಾಗಿಸಿ. ಪ್ರತಿ ಪುಟದ ತಲೆಯಲ್ಲಿ, ಇದು ಇಂಥ ದಿನಾಂಕದವರೆಗಿನ ಸಂಗ್ರಹ, ಇಲ್ಲಿ ಬರೆಯಲು ಆಗುವುದಿಲ್ಲ, ತೊಂದರೆಗೆ ಈ ವಿಳಾಸಕ್ಕೆ ಬರೆಯಿರಿ ಎಂಬ ಒಂದು ಸಾಲು ಹಾಕಿ.

ಹೆಸರು ಬದಲಿಸಲು ಕೇಳಿಕೊಂಡ ಸದಸ್ಯರ ವಿಷಯದಲ್ಲಿ ಎಚ್ಚರ ಬೇಕು. ಪೋಸ್ಟ್‌ನ ಪಕ್ಕದ ಹೆಸರು ಬದಲಾದರೂ, ಬೇರೆಯವರು ಉಲ್ಲೇಖಿಸಿದ ಪೆಟ್ಟಿಗೆಗಳೊಳಗೆ ಹಳೆಯ ಹೆಸರು ಹಾಗೇ ಉಳಿಯುತ್ತದೆ. ಪಿಎಚ್‌ಪಿಬಿಬಿ 3.2ರಿಂದ ಪೋಸ್ಟ್‌ಗಳು ಎಕ್ಸ್‌ಎಂಎಲ್ ರೂಪದಲ್ಲಿರುವುದರಿಂದ ಡೇಟಾಬೇಸ್‌ನಲ್ಲಿ ಕೈಹಾಕುವುದಕ್ಕಿಂತ ಕೊನೆಯ ಎಚ್‌ಟಿಎಂಎಲ್‌ನಲ್ಲಿ, ಉಲ್ಲೇಖದ 'ಸೈಟ್' ಟ್ಯಾಗ್‌ನಲ್ಲಿ ಬದಲಿಸುವುದು ಸುಲಭ. ಆಮೇಲೆ ಎಲ್ಲ ಪುಟಗಳಲ್ಲಿ ಇಮೇಲ್ ವಿಳಾಸಗಳಿಗೂ, 6ರಿಂದ 9ರೊಳಗೆ ಶುರುವಾಗುವ ಹತ್ತಂಕಿಯ ಮೊಬೈಲ್ ಸಂಖ್ಯೆಗಳಿಗೂ ಗ್ರೆಪ್ (ಪಠ್ಯ ಹುಡುಕುವ ಆಜ್ಞೆ) ಹಾಕಿ. ಕನ್ನಡ ಅಂಕಿಗಳಲ್ಲಿ ಬರೆದವೂ ಇರುತ್ತವೆ, ಅವನ್ನೂ ಹುಡುಕಿ. 2009ರಲ್ಲಿ ಮನೆ ಮಾರಾಟಕ್ಕೆಂದು ಕೊಟ್ಟ ನಂಬರ್ ಈಗ ಬೇರೆ ಯಾರದ್ದೋ ಆಗಿರಬಹುದು.

ಹೊರಗಿನ ತಾಣಗಳಲ್ಲಿ ಇಟ್ಟ ಚಿತ್ರಗಳಲ್ಲಿ ಹಲವು ಈಗಾಗಲೇ ಸತ್ತಿರುತ್ತವೆ. ಫೋಟೊಬಕೆಟ್ 2017ರಲ್ಲಿ ಬೇರೆ ತಾಣಗಳಲ್ಲಿ ಚಿತ್ರ ತೋರಿಸುವುದನ್ನು ಉಚಿತ ಖಾತೆಗಳಿಗೆ ನಿಲ್ಲಿಸಿತು, ಟೈನಿಪಿಕ್ 2019ರಲ್ಲಿ ಮುಚ್ಚಿತು. ಉಳಿದವನ್ನು ಇಳಿಸಿ ಸ್ಥಳೀಯವಾಗಿಸಿ. ಇಳಿದ ಫೈಲ್‌ಗಳ ಗಾತ್ರ ನೋಡಿ: ನೂರಾರು ಚಿತ್ರಗಳ ಗಾತ್ರ ಬೈಟ್‌ಗೆ ಬೈಟ್ ಒಂದೇ ಇದ್ದರೆ ಅವು 'ಚಿತ್ರ ಲಭ್ಯವಿಲ್ಲ' ಎಂಬ ಬದಲಿ ಚಿತ್ರಗಳು. ಸತ್ತವಕ್ಕೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಹುಡುಕಿ ನೋಡಿ. ಅಲ್ಲೂ ಇಲ್ಲದಿದ್ದರೆ ಮೂಲ ವಿಳಾಸವನ್ನು ಪಠ್ಯವಾಗಿ ಬಿಡಿ.

ಓದಲು ಹಿತವಾಗುವಂತೆಯೂ ಮಾಡಿ. ಹಳೆಯ ವಿನ್ಯಾಸಗಳು ಇಂಗ್ಲಿಷ್‌ಗೆ ಅಳೆದವು: ಅಕ್ಷರ ಚಿಕ್ಕದು, ಸಾಲುಗಳ ಅಂತರ ಕಡಿಮೆ, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಪೋಸ್ಟ್‌ನ ಅಕ್ಷರ 16 ಪಿಕ್ಸೆಲ್, ಸಾಲಿನ ಎತ್ತರ 1.6 ಅಥವಾ 1.7 ಇರಲಿ, ಫಾಂಟ್ ಪಟ್ಟಿಯಲ್ಲಿ ತುಂಗಾಕ್ಕೆ ಮೊದಲು ನೋಟೊ ಸ್ಯಾನ್ಸ್ ಕನ್ನಡ ಸೇರಿಸಿ. ಅದರ ಪರವಾನಗಿ ಮುಕ್ತವಾದ್ದರಿಂದ ಫಾಂಟ್ ಫೈಲ್ ಅನ್ನು ತಾಣದಲ್ಲೇ ಇಡಬಹುದು.

ಹುಡುಕುವ ಸೌಲಭ್ಯ

ಹುಡುಕಲು ಆಗದ ಸಂಗ್ರಹ ಅರ್ಧ ಸಂಗ್ರಹ. ಪೇಜ್‌ಫೈಂಡ್ ಎಂಬ ಉಪಕರಣ ಎಚ್‌ಟಿಎಂಎಲ್ ಫೋಲ್ಡರ್ ಓದಿ ಸೂಚಿಯನ್ನು ಸಣ್ಣ ತುಂಡುಗಳಾಗಿ ಮಾಡಿಡುತ್ತದೆ. ಓದುಗರ ಬ್ರೌಸರ್ ಬೇಕಾದ ತುಂಡನ್ನಷ್ಟೇ ತರಿಸಿಕೊಳ್ಳುತ್ತದೆ. ಪುಟದ ಭಾಷಾ ಗುರುತು ಹೆಚ್ಚಾಗಿ ಬ್ರಿಟಿಷ್ ಇಂಗ್ಲಿಷ್ ಎಂದೇ ಇರುತ್ತದೆ. ಅದನ್ನು ಕನ್ನಡದ ಗುರುತಾದ 'ಕೆಎನ್'ಗೆ ಬದಲಿಸಿದ ಮೇಲೆ ಸೂಚಿ ಮಾಡಿ, ಇಲ್ಲದಿದ್ದರೆ ಕನ್ನಡ ಪದಗಳಿಗೆ ಇಂಗ್ಲಿಷ್ ನಿಯಮ ಅನ್ವಯಿಸುತ್ತದೆ. ಪೋಸ್ಟ್‌ನ ಮೈಗೆ ಮಾತ್ರ ಸೂಚಿಯ ಗುರುತು ಹಾಕಿ.

ಸೂಚಿ ಮಾಡುವ ಮೊದಲು ಪಠ್ಯವನ್ನು ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತನ್ನಿ. 'ಕೊ' ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ, ಎರಡು ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಎರಡು ಪದ. 'ಸಾಫ್ಟ್‌ವೇರ್' ಪದದ ನಡುವೆ ಕಾಣದ ಜೋಡಿಸದ-ಚಿಹ್ನೆ ಇರುವುದು, ಇಲ್ಲದಿರುವುದೂ ಹಾಗೇ. ಅದನ್ನು ಕಾಣುವ ಪಠ್ಯದಲ್ಲಿ ಉಳಿಸಿ, ಹುಡುಕಾಟಕ್ಕೆಂದು ಇಡುವ ಮರೆಯ ಪ್ರತಿಯಲ್ಲಿ ತೆಗೆಯಿರಿ. ಹುಡುಕು ಪೆಟ್ಟಿಗೆಯಲ್ಲಿ ಟೈಪಿಸಿದ್ದರಿಂದಲೂ ತೆಗೆಯಿರಿ. ವಿಭಕ್ತಿ ಪ್ರತ್ಯಯಗಳಿಗೆ ಸುಲಭದ ಪರಿಹಾರ ಪದದ ಮೊದಲ ಭಾಗ ಕೊಡುವುದು. 'ಬೆಂಗಳೂರು' ಎಂದರೆ 'ಬೆಂಗಳೂರಿನಲ್ಲಿ' ಸಿಗದು, 'ಬೆಂಗಳೂರ' ಎಂದರೆ ಎರಡೂ ಸಿಗುತ್ತವೆ. ಈ ಸೂಚನೆಯನ್ನು ಹುಡುಕು ಪೆಟ್ಟಿಗೆಯ ಕೆಳಗೇ ಬರೆಯಿರಿ, ಹತ್ತಾರು ಪದ ಕೊಟ್ಟು ಪರೀಕ್ಷಿಸಿ.

ಎಲ್ಲಿ ಇಡುವುದು, ಹಳೆಯ ಲಿಂಕ್ ಹೇಗೆ ಉಳಿಸುವುದು

ಉಚಿತ ಜಾಗಗಳಿಗೆ ಮಿತಿ ಇದೆ. ಗಿಟ್‌ಹಬ್ ಪೇಜಸ್‌ನಲ್ಲಿ ತಾಣ 1 ಜಿಬಿ ಮೀರಬಾರದು. ಅಂಡರ್‌ಸ್ಕೋರ್‌ನಿಂದ ಶುರುವಾಗುವ ಫೋಲ್ಡರ್‌ಗಳು ಮಾಯವಾಗದಿರಲು 'ನೋಜೆಕಿಲ್' ಎಂಬ ಚುಕ್ಕೆ-ಫೈಲ್ ಇಡಬೇಕು. ಕ್ಲೌಡ್‌ಫ್ಲೇರ್ ಪೇಜಸ್‌ನ ಉಚಿತ ಯೋಜನೆಯಲ್ಲಿ 20,000 ಫೈಲ್ ಮಿತಿ. ಮೇಲಿನ ಉದಾಹರಣೆಯ ಫೋರಮ್, ಚಿತ್ರಗಳು ಮತ್ತು ಹುಡುಕಾಟದ ತುಂಡುಗಳು ಸೇರಿದರೆ ಅದನ್ನು ಸುಲಭವಾಗಿ ದಾಟಬಹುದು. ಗಿಟ್‌ಹಬ್ ಪೇಜಸ್‌ನಲ್ಲೂ ಕ್ಲೌಡ್‌ಫ್ಲೇರ್ ಪೇಜಸ್‌ನ 'ರೀಡೈರೆಕ್ಟ್ಸ್' ಫೈಲ್‌ನಲ್ಲೂ ಹಳೆಯ ವಿಳಾಸದ ಪ್ರಶ್ನಾರ್ಥಕದ ನಂತರದ ಭಾಗ ನೋಡಿ ಸರ್ವರ್ ಮಟ್ಟದಲ್ಲೇ ಬೇರೆಡೆಗೆ ಕಳಿಸುವ ನಿಯಮ ಬರೆಯಲಾಗದು. ಅಲ್ಲೇ ಇಡಬೇಕಾದರೆ 'ಪುಟ ಇಲ್ಲ' ಎನ್ನುವ 404 ಪುಟದಲ್ಲಿ ನಾಲ್ಕು ಸಾಲಿನ ಜಾವಾಸ್ಕ್ರಿಪ್ಟ್ ಹಾಕಿ ತಿರುಗಿಸಬಹುದು: ಜನರಿಗೆ ಸಾಕು, ಸರ್ಚ್ ಎಂಜಿನ್‌ಗಳಿಗೆ ಮಾತ್ರ ಪುಟ ಇಲ್ಲವೆಂದೇ ಕಾಣುತ್ತದೆ.

ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ಓಡುವ ಅತಿ ಚಿಕ್ಕ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ಒಳ್ಳೆಯದು. ಹಳೆಯ 'ವ್ಯೂಟಾಪಿಕ್' ವಿಳಾಸಕ್ಕೆ ಬಂದವರ 'ಟಿ' ಮತ್ತು 'ಸ್ಟಾರ್ಟ್' ಮೌಲ್ಯ ಬರೀ ಅಂಕಿಗಳೇ ಎಂದು ಪರೀಕ್ಷಿಸಿ, 301 (ವಿಳಾಸ ಶಾಶ್ವತವಾಗಿ ಬದಲಾಗಿದೆ) ಸಂಕೇತದೊಂದಿಗೆ ಹೊಸ ಫೋಲ್ಡರ್‌ಗೆ ಕಳಿಸಿ. 'ಪಿ=' ಲಿಂಕ್‌ಗಳಿಗೆ ನಕ್ಷೆ ಬೇಕು. 'ಪೋಸ್ಟ್ಸ್' ಟೇಬಲ್‌ನಲ್ಲಿ ಕಾಣುವ ಪೋಸ್ಟ್‌ಗಳನ್ನು ವಿಷಯವಾರು, ಸಮಯದ ಕ್ರಮದಲ್ಲಿ ಎಣಿಸಿ (ಮೈಎಸ್‌ಕ್ಯುಎಲ್ 8 ಮತ್ತು ಮಾರಿಯಾಡಿಬಿ 10.2ರಿಂದ 'ರೋ_ನಂಬರ್' ಇದೆ), ಕ್ರಮಸಂಖ್ಯೆಯಿಂದ 1 ಕಳೆದು, 10ರಿಂದ ಭಾಗಿಸಿ, ದಶಮಾಂಶ ಬಿಟ್ಟು, ಮತ್ತೆ 10ರಿಂದ ಗುಣಿಸಿದರೆ 'ಸ್ಟಾರ್ಟ್' ಸಿಗುತ್ತದೆ. 4567ನೇ ಪೋಸ್ಟ್ 120ನೇ ವಿಷಯದಲ್ಲಿ 34ನೆಯದಾದರೆ ಅದು 'ಟಿ/120/30/' ಪುಟ. ಹೀಗೆ ಒಂದು ಲಕ್ಷ ಸಾಲಿನ ಫೈಲ್ ಮಾಡಿ ಎಂಜಿನ್‌ಎಕ್ಸ್‌ನ 'ಮ್ಯಾಪ್'ಗೆ ಸೇರಿಸಿ. ಅಷ್ಟು ದೊಡ್ಡ ನಕ್ಷೆಗೆ ಎಂಜಿನ್‌ಎಕ್ಸ್ ಶುರುವಿನಲ್ಲೇ ದೂರುತ್ತದೆ: 'ಮ್ಯಾಪ್_ಹ್ಯಾಶ್_ಮ್ಯಾಕ್ಸ್_ಸೈಜ್' ಮೌಲ್ಯವನ್ನು ಏರಿಸಿದರೆ ಸರಿಹೋಗುತ್ತದೆ. ಪುಟಗಳೊಳಗಿನ ಇಂಥ ಲಿಂಕ್‌ಗಳನ್ನು ಇದೇ ನಕ್ಷೆಯಿಂದ ತಿದ್ದುವ ಸ್ಕ್ರಿಪ್ಟ್‌ನಲ್ಲೇ ಬದಲಿಸಿಬಿಡಿ.

ಪರೀಕ್ಷೆ, ಆಮೇಲೆ ಹಳೆಯದನ್ನು ಮುಚ್ಚುವುದು

ಪುಟಗಳ ಸಂಖ್ಯೆ ಮೊದಲು ಮಾಡಿದ ಎಣಿಕೆಗೆ ಹೊಂದಬೇಕು. ಒಂದೇ ಒಂದು ಕಡಿಮೆಯಾದರೂ ಯಾವುದೆಂದು ಹುಡುಕಿ. ಎಚ್‌ಟಿಎಂಎಲ್‌ನಲ್ಲಿ ಪೋಸ್ಟ್‌ಗಳ ಗುರುತುಗಳನ್ನು ಎಣಿಸಿ ಡೇಟಾಬೇಸ್‌ನ ಸಂಖ್ಯೆಯೊಡನೆ ಹೋಲಿಸಿ. ಎಸ್‌ಐಡಿ ಎಲ್ಲೂ ಉಳಿದಿಲ್ಲವೆಂದು ಗ್ರೆಪ್ ಮಾಡಿ. ಕಣ್ಣಿನಿಂದ ನೋಡಬೇಕಾದವು: ಅತಿ ಹಳೆಯ ವಿಷಯ, ಅತಿ ಉದ್ದದ ವಿಷಯದ ಕೊನೆಯ ಪುಟ, ಮತದಾನ ಇರುವ ಒಂದು, ಲಗತ್ತಿನ ಚಿತ್ರಗಳಿರುವ ಕೆಲವು, ಹಳೆಯ ಫಾಂಟ್‌ನಿಂದ ತಿರುಗಿಸಿದ ಕೆಲವು. ಮೊಬೈಲ್‌ನಲ್ಲೂ ತೆರೆದು ನೋಡಿ.

ಹೊಸ ತಾಣ ನಿಂತ ಮೇಲೂ ಒಂದು ತಿಂಗಳು ಹಳೆಯದನ್ನು ಸರ್ವರ್‌ನಲ್ಲಿ ಮುಚ್ಚಿಡಿ, ಅಳಿಸಬೇಡಿ. ಆ ಅವಧಿಯಲ್ಲಿ 404 ಲಾಗ್ ಓದಿ, ಜನ ಯಾವ ಹಳೆಯ ವಿಳಾಸದಿಂದ ಬಂದು ಹಿಂದಿರುಗುತ್ತಿದ್ದಾರೆ ಎಂದು ನೋಡಿ ನಿಯಮ ಸೇರಿಸಿ. ಆಮೇಲೆ ಪಿಎಚ್‌ಪಿ, ಮೈಎಸ್‌ಕ್ಯುಎಲ್ ತೆಗೆಯಿರಿ. ಡೇಟಾಬೇಸ್ ಡಂಪ್‌ನಲ್ಲಿ ಪಾಸ್‌ವರ್ಡ್ ಹ್ಯಾಶ್, ಐಪಿ ವಿಳಾಸ, ಖಾಸಗಿ ಸಂದೇಶ ಎಲ್ಲ ಇರುವುದರಿಂದ ಅದನ್ನು ಗೂಢಲಿಪಿಗೊಳಿಸಿ, ನೆಟ್‌ಗೆ ಸೇರದ ಡಿಸ್ಕ್‌ನಲ್ಲಿ ಇಡಿ.

ಸಂಗ್ರಹದ ಇಡೀ ಫೋಲ್ಡರ್ ಅನ್ನು ಜಿಪ್ ಮಾಡಿ ತಾಣದಲ್ಲೇ ಇಳಿಸಿಕೊಳ್ಳಲು ಕೊಡಿ. ಸೋಸುವ ಮುಂಚಿನ ವಾರ್ಕ್ ಫೈಲ್‌ನಲ್ಲಿ ಫೋನ್ ನಂಬರ್‌ಗಳೂ ಹಳೆಯ ಹೆಸರುಗಳೂ ಇರುವುದರಿಂದ ಅದು ಡಂಪ್‌ನ ಜೊತೆಗೇ ಇರಲಿ. ಇಂಟರ್ನೆಟ್ ಆರ್ಕೈವ್‌ಗೆ ಏರಿಸುವುದು ಸೋಸಿದ ಜಿಪ್. ಡೊಮೇನ್ ಅನ್ನು ಸಿಗುವಷ್ಟು ದೀರ್ಘ ಕಾಲಕ್ಕೆ, ಸಾಮಾನ್ಯವಾಗಿ ಹತ್ತು ವರ್ಷಕ್ಕೆ, ನವೀಕರಿಸಿ. ಆ ಖಾತೆಯ ಪಾಸ್‌ವರ್ಡ್ ಇನ್ನೊಬ್ಬ ಹಳೆಯ ಸದಸ್ಯರಿಗೂ ಗೊತ್ತಿರಲಿ.